ಹಾಡಿದ ಧ್ವನಿಯೇ ನಮ್ಮನ್ನು ತಲುಪಲಿ

ಮಾನ್ಯ ಸಂಪಾದಕರೇ,

ಟಿ.ವಿ. ವಾಹಿನಿಗಳ ಗಾಯನ ಸ್ಪರ್ಧೆಗಳ ಬಗ್ಗೆ ಚರ್ಚೆ ನಡೆದಾಗಲೆಲ್ಲ ತೀರ್ಪುಗಾರರ ಪಕ್ಷಪಾತ, ಮತ ಎಣಿಕೆಯ ಪಾರದರ್ಶಕತೆ, ಸ್ಪರ್ಧಿಗಳ ಕಣ್ಣೀರನ್ನು ಮತ್ತೆ ಮತ್ತೆ ತೋರಿಸುವ ಚಾಳಿ, ಇವೇ ಮುನ್ನೆಲೆಗೆ ಬರುತ್ತವೆ. ಇವು ಯಾವುವೂ ಸಣ್ಣ ಮಾತುಗಳಲ್ಲ. ಆದರೆ ಇವೆಲ್ಲಕ್ಕೂ ಬುಡದಲ್ಲಿರುವ ಒಂದು ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ನಾವು ಮನೆಯಲ್ಲಿ ಕುಳಿತು ಕೇಳುವುದು ಸ್ಪರ್ಧಿ ವೇದಿಕೆಯ ಮೇಲೆ ಹಾಡಿದ ಧ್ವನಿಯನ್ನೋ, ಆಮೇಲೆ ಯಂತ್ರದಲ್ಲಿ ತಿದ್ದಿ ನೇರ್ಪಡಿಸಿದ ಧ್ವನಿಯನ್ನೋ? 26 ವರ್ಷಗಳಿಂದ ಸುಗಮ ಸಂಗೀತ ಕಲಿಸುತ್ತಿರುವ ನಾನು ಈ ಒಂದೇ ಪ್ರಶ್ನೆಗಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಇಂಥ ಒಂದು ಸ್ಪರ್ಧೆಯಲ್ಲಿ ಹಲವು ಸುತ್ತುಗಳನ್ನು ದಾಟಿದ್ದಳು. ಒಂದು ಸುತ್ತಿನಲ್ಲಿ ಅವಳು ಆರಿಸಿಕೊಂಡ ಹಾಡಿನ ಎರಡನೆಯ ಚರಣದಲ್ಲಿ, ತಾರಸ್ಥಾಯಿಯ ಗಾಂಧಾರದಲ್ಲಿ, ಅಂದರೆ ಎತ್ತರದ ‘ಗ’ ಸ್ವರದಲ್ಲಿ, ತುಸು ಹೊತ್ತು ನಿಂತು ಕೆಳಗಿಳಿಯುವ ಸಂಗತಿಯೊಂದಿತ್ತು (ಸಂಗತಿಯೆಂದರೆ ಹಾಡಿನ ಸಾಲನ್ನು ಸ್ವರಗಳಲ್ಲಿ ಹೆಣೆಯುವ ಒಂದು ಬಗೆ). ಅಭ್ಯಾಸದಲ್ಲಿ ಸಲೀಸಾಗಿ ಬರುತ್ತಿದ್ದ ಆ ಸಂಗತಿ ವೇದಿಕೆಯಲ್ಲಿ ಕೈಕೊಟ್ಟಿತು. ಗಾಂಧಾರ ಇರಬೇಕಾದ ಜಾಗಕ್ಕಿಂತ ಕೆಳಗೇ ನಿಂತುಬಿಟ್ಟಿತು. ತೀರ್ಪುಗಾರರಲ್ಲಿ ಒಬ್ಬರು ಅದನ್ನು ಸೌಜನ್ಯದಿಂದಲೇ ಎತ್ತಿ ಹೇಳಿದರು, ಅಂಕ ಕಡಿಮೆಯಾಯಿತು. ಸಭಾಂಗಣದಲ್ಲಿ ಕುಳಿತಿದ್ದ ನನಗೂ ಶ್ರುತಿ ತಪ್ಪಿದ್ದು ಸ್ಪಷ್ಟವಾಗಿ ಕೇಳಿಸಿತ್ತು. ಅವಳಿಗಂತೂ ಹಾಡುತ್ತಿರುವಾಗಲೇ ಗೊತ್ತಾಗಿತ್ತು. ಹತ್ತು ದಿನಗಳ ನಂತರ ಆ ಕಂತು ಪ್ರಸಾರವಾದಾಗ ಅದೇ ಗಾಂಧಾರ ಅಳೆದಿಟ್ಟಂತೆ ತನ್ನ ಜಾಗದಲ್ಲಿ ನಿಂತಿತ್ತು. ತೀರ್ಪುಗಾರರ ಮಾತು ಮಾತ್ರ ಹಾಗೆಯೇ ಉಳಿದಿತ್ತು. ಬಂಧುಗಳು, ಸ್ನೇಹಿತರು, ಸಾಮಾಜಿಕ ಜಾಲತಾಣಗಳಲ್ಲಿ ಅವಳ ಪರಿಚಯವೇ ಇಲ್ಲದವರು, ಎಲ್ಲರೂ ಸೇರಿ ಇಷ್ಟು ಚೆನ್ನಾಗಿ ಹಾಡಿದ ಹುಡುಗಿಯ ಮೇಲೆ ಇಲ್ಲದ ತಪ್ಪು ಹೊರಿಸಿದರೆಂದು ಆ ತೀರ್ಪುಗಾರರನ್ನು ಬಾಯಿಗೆ ಬಂದಂತೆ ದೂರಿದರು. ಮರುದಿನ ಪಾಠಕ್ಕೆ ಬಂದ ಹುಡುಗಿ, “ಮಿಸ್, ಆ ಸ್ವರ ನಾನು ಹಾಡಿದ್ದಲ್ಲ” ಎಂದಳು. ಸಂಗತಿ ಕೈಕೊಟ್ಟ ದಿನ ಕೂಡ ಅವಳು ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ.

ಇದನ್ನು ಸ್ಪರ್ಧಿಗೆ ಮಾಡಿದ ಉಪಕಾರ ಎಂದು ಕೆಲವರು ಹೇಳಬಹುದು. ಮೌಲ್ಯಮಾಪಕರು ಮೂಲ ಉತ್ತರ ಪತ್ರಿಕೆಯನ್ನು ನೋಡಿ ಅಂಕ ಕೊಟ್ಟ ಮೇಲೆ, ಅದರಲ್ಲಿನ ತಪ್ಪುಗಳನ್ನು ಬೇರೆ ಯಾರೋ ಅಳಿಸಿ ಸರಿಯುತ್ತರ ಬರೆದು, ಆ ಪ್ರತಿಯನ್ನು ಊರಿಗೆಲ್ಲ ಹಂಚಿದರೆ ಅದರಿಂದ ವಿದ್ಯಾರ್ಥಿಗೆ ಉಪಕಾರವಾದೀತೇ? ಅಂಕ ಕೊಟ್ಟವರು ಅನ್ಯಾಯಗಾರರಾಗುತ್ತಾರೆ, ವಿದ್ಯಾರ್ಥಿ ತನ್ನದಲ್ಲದ ಬರಹಕ್ಕೆ ಹೊಗಳಿಕೆ ಪಡೆಯುತ್ತಾನೆ, ಸರಿಯಾಗಿಯೇ ಬರೆದಿದ್ದ ಪಕ್ಕದವನ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ವೀಕ್ಷಕರ ಮತದಿಂದ ಸ್ಪರ್ಧಿಗಳ ಭವಿಷ್ಯ ನಿರ್ಧಾರವಾಗುವ ಸುತ್ತುಗಳಲ್ಲಂತೂ ಇದು ಇನ್ನೂ ಗಂಭೀರ. ಆ ಮತಕ್ಕೆ ಆಧಾರವಾಗಿರುವುದು ಕೇಳಿದ ಧ್ವನಿಯೊಂದೇ.

ಧ್ವನಿ ತಿದ್ದುವ ತಂತ್ರ ಹೊಸದೇನಲ್ಲ. ತೈಲ ನಿಕ್ಷೇಪಗಳ ಶೋಧಕ್ಕಾಗಿ ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುವ ಗಣಿತದಲ್ಲಿ ಪಳಗಿದ್ದ ಅಮೆರಿಕದ ಎಂಜಿನಿಯರ್ ಆಂಡಿ ಹಿಲ್ಡೆಬ್ರಾಂಡ್, ಅದೇ ಬಗೆಯ ಗಣಿತವನ್ನು ಮನುಷ್ಯನ ಕಂಠಕ್ಕೆ ಅನ್ವಯಿಸಿ 1997ರಲ್ಲಿ ‘ಆಟೊ-ಟ್ಯೂನ್’ ಎಂಬ ತಂತ್ರಾಂಶವನ್ನು ಹೊರತಂದರು. ಗಾಯಕರ ಧ್ವನಿಯನ್ನು ಪ್ರತ್ಯೇಕ ಟ್ರ್ಯಾಕಿನಲ್ಲಿ ಮುದ್ರಿಸಿಕೊಂಡರೆ ಸಾಕು, ಇಂಥ ತಂತ್ರಾಂಶವು ಪ್ರತಿ ಕ್ಷಣವೂ ಸ್ವರ ಎಲ್ಲಿದೆಯೆಂದು ಅಳೆದು, ಹತ್ತಿರದ ಸ್ವರಸ್ಥಾನಕ್ಕೆ ಅದನ್ನು ಎಳೆದು ಕೂರಿಸುತ್ತದೆ. ಎಳೆಯುವ ವೇಗವನ್ನು ಹೆಚ್ಚಿಸಿದರೆ ಧ್ವನಿ ರೋಬೋ ಮಾತನಾಡಿದಂತೆ ಕೇಳಿಸುತ್ತದೆ. ವೇಗವನ್ನು ತಗ್ಗಿಸಿ ಹದವಾಗಿ ಬಳಸಿದರೆ ತಿದ್ದಿದ ಗುರುತು ಸಾಮಾನ್ಯ ಕೇಳುಗರಿಗೆ ಸಿಗುವುದೇ ಇಲ್ಲ. ಹಾಡು ನಡೆಯುತ್ತಿರುವಾಗಲೇ ತಿದ್ದುವ ಸೌಲಭ್ಯವೂ ಇದೆ. ಚಿತ್ರೀಕರಣಕ್ಕೂ ಪ್ರಸಾರಕ್ಕೂ ನಡುವೆ ದಿನಗಟ್ಟಲೆ ಬಿಡುವಿರುವ ಕಾರ್ಯಕ್ರಮಗಳಲ್ಲಿ ಒಂದೊಂದೇ ಸ್ವರವನ್ನು ಪರದೆಯ ಮೇಲೆ ಹಿಡಿದು ಸರಿಸುವಷ್ಟು ಸಮಯವೂ ಇರುತ್ತದೆ.

ಪ್ರಾಮಾಣಿಕತೆಯ ಪ್ರಶ್ನೆಯನ್ನು ಒಂದು ಗಳಿಗೆ ಬದಿಗಿಟ್ಟು, ಸಂಗೀತದ ದೃಷ್ಟಿಯಿಂದಲೇ ನೋಡಿದರೂ ನಷ್ಟ ದೊಡ್ಡದು. ‘ಸ’ದಿಂದ ಮೇಲಿನ ‘ಸ’ದವರೆಗಿನ ಒಂದು ಸ್ಥಾಯಿಯನ್ನು 12 ಸಮಭಾಗಗಳಾಗಿ ಕತ್ತರಿಸಿದ ಕೀಬೋರ್ಡಿನ ಲೆಕ್ಕವೇ ಸಾಮಾನ್ಯವಾಗಿ ಈ ತಂತ್ರಾಂಶಗಳ ಅಳತೆಗೋಲು. ಆ ಲೆಕ್ಕದಲ್ಲಿ, ಸ್ವರಗಳ ನಡುವಿನ ದೂರವನ್ನು ಅಳೆಯುವ ಸೆಂಟ್ ಎಂಬ ಮಾನದಲ್ಲಿ, ಪ್ರತಿ ಭಾಗಕ್ಕೆ 100 ಸೆಂಟ್‌ಗಳಂತೆ ಅಂತರ ಗಾಂಧಾರವೆಂಬ ಮೇಲಿನ ಗಾಂಧಾರವು ಷಡ್ಜದಿಂದ, ಅಂದರೆ ‘ಸ’ದಿಂದ, 400 ಸೆಂಟ್‌ಗಳ ದೂರದಲ್ಲಿರುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜದ (ಕೆಳಗಿನ ‘ಸ’ದ) ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವು ಸುಮಾರು 386 ಸೆಂಟ್‌ಗಳಲ್ಲೇ ನಿಲ್ಲುತ್ತದೆ. ತಂಬೂರಿಯ ಮುಂದೆ ಕುಳಿತು ವರ್ಷಗಟ್ಟಲೆ ಸಾಧನೆ ಮಾಡಿದ ಹುಡುಗನೊಬ್ಬ ಅತ್ಯಂತ ಶುದ್ಧವಾಗಿ ಹಾಡಿದ ಗಾಂಧಾರವನ್ನು ಯಂತ್ರವು ತಪ್ಪೆಂದು ತಿಳಿದು ಮೇಲಕ್ಕೆ ತಳ್ಳಬಹುದು. ಸ್ವರವನ್ನು ತೂಗಿ, ಜಾರಿಸಿ ಹಾಡುವ ಗಮಕಗಳ ಪಾಡು ಇದಕ್ಕಿಂತ ಕಷ್ಟ. ತೋಡಿ ರಾಗದ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವೇ ಅಲ್ಲ. ಕೆಳಗಿನ ರಿಷಭ, ಮೇಲಿನ ಮಧ್ಯಮ ಇವೆರಡರ ಕಡೆಗೂ ತೂಗುತ್ತ ಅದು ತನ್ನ ರೂಪವನ್ನು ಪಡೆಯುತ್ತದೆ. ಆ ತೂಗಾಟವನ್ನು ಮೆಟ್ಟಿಲುಗಳಾಗಿ ಕಡಿದರೆ ರಾಗ ಉಳಿಯುವುದಿಲ್ಲ. ಸ್ಪರ್ಧೆಗಳಲ್ಲಿ ಹಾಡುವುದು ಹೆಚ್ಚಾಗಿ ಚಿತ್ರಗೀತೆ, ಭಾವಗೀತೆಗಳನ್ನಲ್ಲವೇ, ಅಲ್ಲಿ ಈ ಸೂಕ್ಷ್ಮ ಯಾಕೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಭಾವಗೀತೆಯ ಜೀವವಿರುವುದೇ ಸ್ವರದಿಂದ ಸ್ವರಕ್ಕೆ ಜಾರುವ ಆ ಎಳೆಯಲ್ಲಿ, ಒಂದು ಶಬ್ದದ ಅರ್ಥಕ್ಕಾಗಿ ಸ್ವರವನ್ನು ಬೇಕೆಂದೇ ತುಸು ತಡೆದು ಹಿಡಿಯುವುದರಲ್ಲಿ. ಅದನ್ನು ನೇರ ಮಾಡಿದರೆ ಕವಿತೆಯೇ ಸಪ್ಪೆಯಾಗುತ್ತದೆ.

ಚಲನಚಿತ್ರಗಳ ಹಾಡುಗಳನ್ನೂ ಈಗ ಸ್ಟುಡಿಯೋದಲ್ಲಿ ತಿದ್ದುತ್ತಾರಲ್ಲ ಎಂಬ ವಾದವನ್ನೂ ಕೇಳಿದ್ದೇನೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಮುಂತಾದವರು ಇಡೀ ವಾದ್ಯವೃಂದದೊಂದಿಗೆ ಒಟ್ಟಿಗೆ ನಿಂತು ಹಾಡನ್ನು ಮುದ್ರಿಸುತ್ತಿದ್ದ ಕಾಲ ಹೋಯಿತು, ನಿಜ. ಚಿತ್ರಗೀತೆ ಹಲವರು ಸೇರಿ ಕಟ್ಟಿದ ಸಿದ್ಧ ಕೃತಿ. ಅದನ್ನು ಹೇಗೆ ಕಟ್ಟಿದರೆಂಬುದು ಅವರಿಗೆ ಬಿಟ್ಟದ್ದು. ಸ್ಪರ್ಧೆ ಹಾಗಲ್ಲ. ಈ ಹುಡುಗ, ಈ ಹುಡುಗಿ, ಈ ದಿನ, ಈ ವೇದಿಕೆಯಲ್ಲಿ ಏನು ಹಾಡಬಲ್ಲರು ಎಂಬುದಕ್ಕೆ ಅದು ಸಾಕ್ಷಿ ಹೇಳಬೇಕು.

ನಾನು ಯಾವ ತಿದ್ದುಪಡಿಯೂ ಕೂಡದೆಂದು ಹಟ ಹಿಡಿದಿಲ್ಲ. ವಾದ್ಯಗಳಿಗೂ ಕಂಠಕ್ಕೂ ನಡುವಿನ ಪ್ರಮಾಣವನ್ನು ಹೊಂದಿಸುವುದು, ಸಭಾಂಗಣದ ಗದ್ದಲವನ್ನು ತಗ್ಗಿಸುವುದು, ಮರುದನಿಯ ಒಂದಿಷ್ಟು ಗುಂಗು ಸೇರಿಸುವುದು, ಇವೆಲ್ಲ ಧ್ವನಿ ತಂತ್ರಜ್ಞರ ನ್ಯಾಯವಾದ ಕೆಲಸ. ಹಾಡಿದವರ ಸ್ವರವನ್ನೇ ಬದಲಾಯಿಸಿದಾಗ ಗೆರೆ ದಾಟಿದಂತಾಗುತ್ತದೆ. ಸ್ಪರ್ಧಿಗಳು ಶ್ರುತಿ ತಪ್ಪುವುದಕ್ಕೆ ಅನೇಕ ಸಲ ಅವರ ಅಭ್ಯಾಸದ ಕೊರತೆ ಕಾರಣವಾಗಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಿವಿಯಲ್ಲಿಟ್ಟ ಸಣ್ಣ ಮಾನಿಟರಿನಲ್ಲಿ ತಾಳದ ಟಿಕ್ ಟಿಕ್ ಸದ್ದು, ಕೀಬೋರ್ಡು, ಡ್ರಮ್ಮು ಎಲ್ಲವೂ ತುಂಬಿ ತನ್ನ ಧ್ವನಿಯೇ ತನಗೆ ಕೇಳಿಸದಿದ್ದರೆ ಎಂಥ ಗಾಯಕರಾದರೂ ಕಂಠವನ್ನು ಬಲವಂತವಾಗಿ ತಳ್ಳುತ್ತಾರೆ, ಆಗ ಸ್ವರ ಸ್ಥಾನ ಬಿಡುತ್ತದೆ. ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕೆಂಬ ಒತ್ತಾಯವೂ ಹಾಗೆಯೇ. ಶ್ರುತಿಯನ್ನು ತುಸು, ಅರ್ಧ ಮನೆಯಷ್ಟು, ಇಳಿಸಿಕೊಟ್ಟರೆ ಸಲೀಸಾಗಿ ಹಾಡಬಲ್ಲ ಮಗು ಮೇಲಿನ ಸ್ವರಕ್ಕಾಗಿ ಕತ್ತು ಬಿಗಿದು ಒದ್ದಾಡುತ್ತದೆ. ಸರಿಯಾದ ಮಾನಿಟರ್, ಕಂಠಕ್ಕೊಪ್ಪುವ ಶ್ರುತಿ, ವಾದ್ಯವೃಂದದೊಂದಿಗೆ ಇನ್ನೊಂದು ಬಾರಿ ಅಭ್ಯಾಸ, ಇಷ್ಟನ್ನು ಒದಗಿಸಿದರೆ ಆಮೇಲೆ ಯಂತ್ರದ ಮೊರೆ ಹೋಗುವ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಹೊರದೇಶಗಳಲ್ಲಿ ಈ ವಿಷಯ ಆಗಲೇ ಬಹಿರಂಗವಾಗಿ ಚರ್ಚೆಯಾಗಿದೆ. ಬ್ರಿಟನ್ನಿನ ‘ದಿ ಎಕ್ಸ್ ಫ್ಯಾಕ್ಟರ್’ ಕಾರ್ಯಕ್ರಮದ 2010ರ ಆವೃತ್ತಿಯ ಮೊದಲ ಕಂತು ಪ್ರಸಾರವಾದಾಗ, ಆಡಿಷನ್ನಿನ ಧ್ವನಿಗಳು ಅಸಹಜವಾಗಿವೆಯೆಂದು ವೀಕ್ಷಕರೇ ಗುರುತಿಸಿ ತಕರಾರೆತ್ತಿದರು. ಮುಂದಿನ ಕಂತುಗಳಲ್ಲಿ ಸ್ವರ ತಿದ್ದುವ ತಂತ್ರಾಂಶವನ್ನು ಬಳಸಬಾರದೆಂದು ಕಾರ್ಯಕ್ರಮದ ರೂವಾರಿ ಸೈಮನ್ ಕೋವೆಲ್ ಸೂಚಿಸಿದ್ದಾಗಿ ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. 1956ರಿಂದ ನಡೆದುಕೊಂಡು ಬಂದಿರುವ ಯುರೋವಿಷನ್ ಸ್ಪರ್ಧೆಯಲ್ಲಿ ಮುಖ್ಯ ಗಾಯಕರು ವೇದಿಕೆಯಲ್ಲಿ ನೇರವಾಗಿ ಹಾಡಲೇಬೇಕೆಂಬ ನಿಯಮ ಇಂದಿಗೂ ಇದೆ. 2021ರಿಂದ ಹಿನ್ನೆಲೆಯ ಕಂಠಗಳಿಗೆ ಮಾತ್ರ ಮುದ್ರಿತ ಧ್ವನಿಯನ್ನು ಒಪ್ಪಿಕೊಂಡಿದ್ದಾರೆ. ಫೋನ್ ಮತದಾನದಲ್ಲಿ ನಡೆದ ಅಕ್ರಮಗಳಿಗಾಗಿ ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ 2008ರಲ್ಲಿ ಐಟಿವಿ ವಾಹಿನಿಗೆ 56.75 ಲಕ್ಷ ಪೌಂಡ್ ದಂಡ ಹಾಕಿತು. ಮತದ ಎಣಿಕೆಯಲ್ಲಿ ಮೋಸವಾದರೆ ಅದು ದಂಡಾರ್ಹವೆಂದು ಒಪ್ಪುವ ನಾವು, ಆ ಮತವನ್ನು ಹುಟ್ಟಿಸಿದ ಧ್ವನಿಯಲ್ಲಿ ಬದಲಾವಣೆಯಾದರೆ ಅದನ್ನು ತಾಂತ್ರಿಕ ವಿಚಾರವೆಂದು ಹೇಗೆ ಕೈಬಿಡಲು ಸಾಧ್ಯ? ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದ ಸ್ಪರ್ಧೆಯೊಂದರಲ್ಲಿ, ರೂಪಕ್ಕೆ ಮರುಳಾಗದೆ ಕಂಠವನ್ನಷ್ಟೇ ಕೇಳಲೆಂದು ತೀರ್ಪುಗಾರರನ್ನು ಸ್ಪರ್ಧಿಗೆ ಬೆನ್ನು ಮಾಡಿ ಕೂರಿಸುವ ಪದ್ಧತಿಯಿದೆ. ಕಿವಿಗೆ ಕೊಟ್ಟ ಆ ಗೌರವ ಮನೆಯಲ್ಲಿ ಕೂತು ಕೇಳುವವರ ಕಿವಿಗೂ ಸಲ್ಲಬೇಕು.

ಇಂಥ ಸ್ಪರ್ಧೆಗಳನ್ನು ನಾನು ಹಗುರವಾಗಿ ಕಾಣುವವಳಲ್ಲ. ಶ್ರೇಯಾ ಘೋಷಾಲ್ ಹುಡುಗಿಯಾಗಿದ್ದಾಗ ಟಿ.ವಿ. ಸ್ಪರ್ಧೆಯಲ್ಲಿ ಗೆದ್ದೇ ಮುಂದೆ ಹಿನ್ನೆಲೆ ಗಾಯನಕ್ಕೆ ಬಂದವರು. 2005ರಲ್ಲಿ ಸ್ಪರ್ಧೆಯೊಂದರಲ್ಲಿ ಗೆಲ್ಲದೆ ಹೊರಬಂದ ಅರಿಜಿತ್ ಸಿಂಗ್ ಇಂದು ಎಲ್ಲಿದ್ದಾರೆಂಬುದು ಎಲ್ಲರಿಗೂ ಗೊತ್ತು. ನನ್ನ ಬಳಿ ಕಲಿಯಲು ಬರುವ ಮಕ್ಕಳಲ್ಲಿ ಅನೇಕರಿಗೆ ಹಾಡಬೇಕೆಂಬ ಆಸೆ ಹುಟ್ಟಿದ್ದೇ ಈ ಕಾರ್ಯಕ್ರಮಗಳಿಂದ, ಅದಕ್ಕಾಗಿ ನಾನು ಋಣಿ. ಅದೇ ಮಕ್ಕಳು ತಮ್ಮ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಟಿ.ವಿ.ಯಲ್ಲಿ ಕೇಳಿದ ತಮ್ಮದೇ ವಯಸ್ಸಿನವರ ಹಾಡಿನೊಂದಿಗೆ ಹೋಲಿಸಿ, “ನನ್ನ ಗಂಟಲೇ ಸರಿಯಿಲ್ಲ ಮಿಸ್” ಎಂದು ಕಣ್ತುಂಬಿಕೊಂಡು ಬರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹತ್ತು ವರ್ಷದ ಮಗುವಿನ ಸ್ವರ ಅಲ್ಲಲ್ಲಿ ಅಲುಗಾಡುವುದು ಸಹಜ. ಗಂಡುಮಕ್ಕಳ ಧ್ವನಿ ಒಡೆಯುವ ವಯಸ್ಸಿನಲ್ಲಂತೂ ನೆನ್ನೆ ಸಿಕ್ಕ ಸ್ವರ ಇಂದು ಸಿಗುವುದಿಲ್ಲ. ಆ ಅಲುಗಾಟವನ್ನು ಟಿ.ವಿ.ಯಲ್ಲಿ ಎಂದೂ ಕೇಳದ ಮಗು, ಕಲಿಕೆಯ ದಾರಿಯಲ್ಲಿ ಸಹಜವಾಗಿ ಬರುವ ತೊಡಕನ್ನು ತನ್ನ ಹುಟ್ಟುದೋಷವೆಂದು ತಿಳಿದು ಸಾಧನೆಯನ್ನೇ ಬಿಟ್ಟುಬಿಡುತ್ತದೆ.

ಆದ್ದರಿಂದ ವಾಹಿನಿಗಳಲ್ಲಿ ನನ್ನ ಕೋರಿಕೆ ಇಷ್ಟು. ಸ್ಪರ್ಧಿಗಳ ಸ್ವರವನ್ನು ತಂತ್ರಾಂಶದಿಂದ ತಿದ್ದಲಾಗಿದೆಯೇ ಇಲ್ಲವೇ ಎಂಬುದನ್ನು ಪ್ರತಿ ಕಂತಿನ ಆರಂಭದಲ್ಲಿ, ಓದಲು ಆಗುವಷ್ಟು ಹೊತ್ತು, ತೆರೆಯ ಮೇಲೆ ತಿಳಿಸಬೇಕು. ವೀಕ್ಷಕರ ಮತ ಕೇಳುವ ಸುತ್ತುಗಳಲ್ಲಿ ಸ್ವರವನ್ನು ಮುಟ್ಟಲೇಬಾರದು. ತೀರ್ಪುಗಾರರ ಸ್ಥಾನದಲ್ಲಿ ಕೂರುವ ಹಿರಿಯ ಗಾಯಕರು, ಸಂಗೀತ ನಿರ್ದೇಶಕರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಾವು ಕೇಳಿದ್ದನ್ನೇ ಜನರಿಗೂ ಕೇಳಿಸಬೇಕೆಂಬ ಷರತ್ತನ್ನು ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಕೊನೆಗೆ ದೂರು ಬರುವುದು ಅವರ ಮೇಲೆಯೇ. ಪ್ರತಿ ಸ್ಪರ್ಧಿಗೂ ತಾನು ಹಾಡಿದ ಮೂಲ ಧ್ವನಿಮುದ್ರಣದ ಪ್ರತಿಯನ್ನು ಕೊಡುವುದು ವಾಹಿನಿಗಳಿಗೆ ಯಾವ ಹೊರೆಯೂ ಅಲ್ಲ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ.

ನನ್ನ ವಿದ್ಯಾರ್ಥಿನಿ ಆ ದಿನದ ಮೂಲ ಮುದ್ರಣವನ್ನು ಕೊಡುವಂತೆ ವಾಹಿನಿಯವರನ್ನು ಎರಡು ಬಾರಿ ಕೇಳಿಕೊಂಡಳು. ಒಪ್ಪಂದದ ಪ್ರಕಾರ ಕೊಡಲಾಗದು ಎಂಬ ಉತ್ತರ ಬಂತು. ತಾರಸ್ಥಾಯಿಯ ಆ ಗಾಂಧಾರ ಎಲ್ಲಿ, ಎಷ್ಟು ತಪ್ಪಿತೆಂದು ಕೇಳಿ ತಿದ್ದಿಕೊಳ್ಳಬೇಕೆಂದು ಅವಳು ಈಗಲೂ ಬಯಸುತ್ತಿದ್ದಾಳೆ.

ಇತಿ,
ಓರ್ವ ಸುಗಮ ಸಂಗೀತ ಶಿಕ್ಷಕಿ