ಪೌರರಿಗೆ ವೀಸಾ ಯಾಕೆ?

ರಾಜ್ಯೋತ್ಸವದ ಸಂಚಿಕೆ ಬೆಳಿಗ್ಗೆಯೇ ಮುದ್ರಣಕ್ಕೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಸಂಪಾದಕೀಯಕ್ಕೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಸಂಜೆ ಮಗಳು ತನ್ನ ಒಸಿಐ ಪುಸ್ತಕ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ‘ಸಾಗರೋತ್ತರ ಭಾರತೀಯ ಪೌರ’ ದಾಖಲೆ) ತಿರುವಿಹಾಕುತ್ತಾ ಕೇಳಿದಳು: “ಅಮ್ಮಾ, ಮೇಲೆ ಪೌರ ಅಂತಿದೆ, ಒಳಗೆ ಆಜೀವ ವೀಸಾ ಅಂತಿದೆ. ಪೌರರಿಗೆ ವೀಸಾ ಯಾಕೆ?”

ನಾವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ 1955ರ ಕಾಯ್ದೆಯ ಪ್ರಕಾರ ಭಾರತದ್ದು ಹೋಗುತ್ತದೆ, ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದೆ. ಮುಂದೆ ಹೇಳಲಾಗಲಿಲ್ಲ. ಕೋವಿಡ್ ಹರಡುತ್ತಿದ್ದ 2020ರ ಮಾರ್ಚ್ ನೆನಪಾಯಿತು.

ಅಪ್ಪ ಆಸ್ಪತ್ರೆಯಲ್ಲಿದ್ದರು. ನಾನು ಟಿಕೆಟ್ ಮಾಡಿಸಿದ್ದೆ. ಮಾರ್ಚ್ 11ರಂದು ಭಾರತ ಸರ್ಕಾರದ ಪ್ರಕಟಣೆ ಬಂತು: 13ರಿಂದ ವೀಸಾಗಳ ಜೊತೆಗೆ ಒಸಿಐಯವರ ವೀಸಾರಹಿತ ಪ್ರಯಾಣವನ್ನೂ ತಡೆಹಿಡಿಯಲಾಗಿದೆ. ಅನುಮತಿಗೆ ಅರ್ಜಿ ಹಾಕಿ ಕಾಯುತ್ತಿರುವಾಗಲೇ ವಿಮಾನಗಳು ನಿಂತವು. ಆಸ್ಪತ್ರೆಗೆ ಕಟ್ಟುವ ಹಣ ಫೋನಿನಿಂದಲೇ ತಲುಪಿತು. ನನ್ನ ಮುಖ, ನನ್ನ ದನಿಯೂ ತಲುಪಿದವು. ನನ್ನ ತಮ್ಮ ಅಪ್ಪನ ಕಿವಿಯ ಹತ್ತಿರ ಫೋನ್ ಹಿಡಿದಿದ್ದ. “ಯಾವಾಗ ಹೊರಡ್ತೀಯ ಪುಟ್ಟಿ?” ಅಂದರು. “ನಾಳೆ ಅಪ್ಪ” ಅಂದೆ. ಮೂರು ದಿನ ಅದನ್ನೇ ಅಂದೆ. ಏಪ್ರಿಲ್‌ನಲ್ಲಿ ಅವರು ಹೋದರು. ಮನೆಯಲ್ಲಿ ಸಾವಿನಂಥ ತುರ್ತು ಇರುವ ಒಸಿಐಯವರು ಬರಬಹುದೆಂಬ ಸಡಿಲಿಕೆ ಬಂದದ್ದು ಮೇ 22ಕ್ಕೆ.

1991ರಲ್ಲಿ ಸಾಲಕ್ಕಾಗಿ ದೇಶದ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಹೋದಾಗ, “ಇನ್ನೆಲ್ಲಿಯ ಸಾರ್ವಭೌಮತ್ವ” ಎಂದು ನೊಂದುಕೊಂಡವರು ಇದೇ ಅಪ್ಪ. ಸಾಲ, ಸುಂಕ, ಸರಕಿನ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಯಾರನ್ನು ಒಳಗೆ ಬಿಡಬೇಕು ಎಂಬ ಅಧಿಕಾರವನ್ನು ದೇಶಗಳು ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟಿಲ್ಲ. ತಮ್ಮೊಳಗೆ ಗಡಿ ತಪಾಸಣೆಯೇ ಬೇಡ ಎಂದಿದ್ದ ಯುರೋಪಿನ ಷೆಂಗೆನ್ ದೇಶಗಳಲ್ಲೂ ಹಲವು, 2020ರ ಆ ಮಾರ್ಚ್‌ನಲ್ಲಿ ತಪಾಸಣೆ ಮತ್ತೆ ಶುರುಮಾಡಿದವು. ಬಾಗಿಲು ಹಾಕುವ ಹಕ್ಕು ದೇಶಕ್ಕೆ ಇರಬೇಕು, ಅದನ್ನು ಒಪ್ಪುತ್ತೇನೆ. ಆದರೆ ಕೊನೆಗಾಲದಲ್ಲಿರುವವರ ಮಕ್ಕಳಿಗೆ ಆ ಸಡಿಲಿಕೆ ಮೊದಲ ದಿನವೇ ಸಿಗಬೇಕಿತ್ತು.

ಕಾರ್ಯಕ್ರಮಗಳು: ಭಾನುವಾರ ರಾಜ್ಯೋತ್ಸವ, ಹಾಡುವ ಮಕ್ಕಳು ಒಂದು ಗಂಟೆ ಮೊದಲೇ ಬರಲಿ. ಅದಕ್ಕೂ ಮುಂಚೆ, ಶನಿವಾರ ಸಂಜೆ ನಾಲ್ಕಕ್ಕೆ ಒಸಿಐ ನೆರವು. 20 ವರ್ಷದೊಳಗಿನವರು ಪಾಸ್‌ಪೋರ್ಟ್ ಬದಲಾದಾಗಲೆಲ್ಲ, 50 ದಾಟಿದವರು ಒಮ್ಮೆ, ಹೊಸ ಪಾಸ್‌ಪೋರ್ಟಿನ ಪ್ರತಿಯನ್ನು ಮೂರು ತಿಂಗಳೊಳಗೆ ಒಸಿಐ ಜಾಲತಾಣಕ್ಕೆ ಏರಿಸಬೇಕು. ಹಿರಿಯರಿಗೆ ಇದು ಕಷ್ಟ. ಲ್ಯಾಪ್‌ಟಾಪ್, ಸ್ಕ್ಯಾನರ್ ಇರುವ ಇಬ್ಬರಾದರೂ ಬನ್ನಿ. ಪತ್ರಿಕೆಯ ಕರಡು ತಿದ್ದಲು ಕೂಡ ಯಾರಾದರೂ ಕೈಜೋಡಿಸಿ, ಒಬ್ಬಳಿಂದ ಆಗುತ್ತಿಲ್ಲ. ಶನಿವಾರ ಮಗಳೂ ಬರುತ್ತಾಳೆ. ಅವಳ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದ್ದರೆ ಅವಳಿಗೇ ಹೇಳಿ.