ಭೇಟಿಯ ಆದೇಶ ಮುಗಿದ ಮೇಲೆ

ಮಾನ್ಯ ಸಂಪಾದಕರೇ,

ವಿಚ್ಛೇದನವಾದಾಗ ಮಕ್ಕಳು ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವಾಗ ಬಂದು ನೋಡಬೇಕು ಎಂಬುದನ್ನು ನ್ಯಾಯಾಲಯ ಬರೆದುಕೊಡುತ್ತದೆ. ಮಕ್ಕಳಿಗೆ 18 ತುಂಬಿತೆಂದರೆ ಆ ಕಾಗದಕ್ಕೆ ಬೆಲೆಯಿಲ್ಲ. ಆಮೇಲಿನದರ ಬಗ್ಗೆ ಯಾರೂ ಮಾತನಾಡುವುದಿಲ್ಲ.

ನನ್ನ ಮಗನಿಗೀಗ 27. ನಮ್ಮ ನಡುವೆ ಜಗಳವಿಲ್ಲ, ದ್ವೇಷವೂ ಇಲ್ಲ. ಫೋನ್ ಮಾಡಿದರೆ ‘ಮಾತ್ರೆ ತೆಗೆದುಕೊಂಡಿರಾ’ ಎಂದು ತಪ್ಪದೇ ಕೇಳುತ್ತಾನೆ. ಚಿಕ್ಕವನಿದ್ದಾಗ ‘ನೀನು’ ಎನ್ನುತ್ತಿದ್ದವನು ‘ನೀವು’ ಎನ್ನತೊಡಗಿದ್ದು ಯಾವಾಗಲೋ ನೆನಪಿಲ್ಲ. ಆ ಬಹುವಚನ ಗೌರವದ್ದಲ್ಲ ಎಂಬುದು ಮಾತ್ರ ಗೊತ್ತು. ಅವನು ಕೆಲಸ ಬದಲಿಸಿದ ಸುದ್ದಿ ನನಗೆ ಮೂರನೆಯವರಿಂದ ತಿಳಿಯಿತು.

ತಪ್ಪು ಅವನದಲ್ಲ. ಭೇಟಿಗೆ ಸಿಗುತ್ತಿದ್ದ ಎರಡು ಗಂಟೆಗಳಲ್ಲಿ ಅವನ ತಾಯಿಯ ಬಗ್ಗೆ ವಿಚಾರಿಸಿ ವಿಚಾರಿಸಿ, ಆ ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಿದವನು ನಾನೇ. ಹೊರಡುವಾಗ ಕೈಗೊಂದು ಆಟಿಕೆ ಕೊಟ್ಟರೆ ಎಲ್ಲ ಸರಿಹೋಯಿತೆಂದುಕೊಳ್ಳುತ್ತಿದ್ದೆ!

ಬೇರೆಯಾಗುವ ದಂಪತಿಯನ್ನು ಕೂರಿಸಿ ಆಪ್ತಸಮಾಲೋಚನೆ ನಡೆಸುವ ಕುಟುಂಬ ನ್ಯಾಯಾಲಯಗಳು, ದೊಡ್ಡವರಾದ ಮಕ್ಕಳು ಮತ್ತು ದೂರವುಳಿದ ತಂದೆ ಅಥವಾ ತಾಯಿಗೂ ಅಂಥದ್ದೊಂದು ಬಾಗಿಲು ತೆರೆದಿಡಲಿ. ಒತ್ತಾಯ ಬೇಡ. ಬರಲೊಲ್ಲದ ಮಕ್ಕಳಿಗೂ ಅವರದೇ ಕಾರಣಗಳಿರುತ್ತವೆ, ನನ್ನ ಮಗನಿಗಂತೂ ಇವೆ.

— ಒಬ್ಬ ತಂದೆ