ಮಣಿ ಎಣಿಸುವುದರಿಂದ ಶುರು ಮಾಡು

ಮಗಳಿಗೆ ಆಶೀರ್ವಾದ.

ಚಳ್ಳಕೆರೆ ಕಡೆಯ ನಿನ್ನ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಬೇರೆ ಬೇರೆ ಧರ್ಮಗಳನ್ನು ಪರಿಚಯ ಮಾಡಿಕೊಡಬೇಕು, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀಯ. ಮೊದಲು ಕಾನೂನು ಏನನ್ನುತ್ತದೆ ತಿಳಿದುಕೋ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಇದು ಅಡ್ಡಿಯಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತರಗತಿಯಲ್ಲಿ ನೀನು ನೋಡಿಕೊಳ್ಳಬೇಕಾದ್ದು ಇಷ್ಟೇ: ಯಾರ ನಂಬಿಕೆ ಅನ್ನುವುದು ಪ್ರತಿ ವಾಕ್ಯದಲ್ಲೂ ಇರಲಿ. ‘ಕುರಾನ್ ದೇವರ ಮಾತು’ ಅಂದರೆ ಬೋಧನೆ. ‘ಕುರಾನ್ ದೇವರ ಮಾತು ಎಂದು ಮುಸ್ಲಿಮರು ನಂಬುತ್ತಾರೆ’ ಅಂದರೆ ಪಾಠ. ರಾಮ, ಯೇಸು, ನಾಯಕನಹಟ್ಟಿ ತಿಪ್ಪೇಸ್ವಾಮಿ, ಯಾರ ವಿಷಯ ಬಂದರೂ ಅದೇ ಅಳತೆ. ನಮ್ಮ ಮನೆದೇವರ ಮಾತು ಬಂದಾಗಲೇ ಇದು ತಪ್ಪಿಹೋಗುವುದು. ಬೇರೆಯವರದು ನಂಬಿಕೆ, ನಮ್ಮದು ನಡೆದದ್ದು ಎನ್ನುವ ಧಾಟಿ ಬಂದುಬಿಡುತ್ತದೆ, ಮಕ್ಕಳು ಅದನ್ನು ತಕ್ಷಣ ಹಿಡಿಯುತ್ತಾರೆ.

ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳಿಗೆ ಹಬ್ಬ, ಅಡುಗೆ, ಉಡುಗೆಯ ಮಾತು ಸಾಕು. ನಾಲ್ಕು, ಐದನೆಯವರಿಗೆ ಮೊದಲ ಪಾಠ ಜಪಮಣಿಗಳದ್ದಾಗಲಿ. ನಲವತ್ತು ನಿಮಿಷದ ಒಂದು ಅವಧಿ ಸಾಕಾಗುತ್ತದೆ. ರುದ್ರಾಕ್ಷಿ ಅಥವಾ ತುಳಸಿಯ ಜಪಮಾಲೆ, ಮುಸ್ಲಿಮರ ತಸ್ಬೀ, ಕ್ಯಾಥೊಲಿಕ್ ಕ್ರೈಸ್ತರ ಜಪಸರ, ಮೂರನ್ನೂ ಅಂಗಡಿಯಿಂದಲೇ ತಂದುಕೋ. ಯಾರದೋ ಮನೆಯಲ್ಲಿ ಜಪಕ್ಕೆ ಬಳಸುವ ಮಾಲೆಯನ್ನು ಕೇಳಿ ತರಬೇಡ, ಮಕ್ಕಳ ಕೈಯಲ್ಲಿ ದಾರ ಹರಿದರೆ ಮನಸ್ಸೂ ಮುರಿಯುತ್ತದೆ. ಇಷ್ಟಲಿಂಗವನ್ನಂತೂ ಕೈಯಿಂದ ಕೈಗೆ ದಾಟಿಸುವ ಸಾಮಗ್ರಿ ಮಾಡಲೇಬೇಡ. ಅದು ಧರಿಸಿದವರ ಸ್ವಂತದ್ದು, ಚಿತ್ರ ತೋರಿಸಿದರೆ ಸಾಕು.

ಆರಾರು ಮಕ್ಕಳ ಗುಂಪು ಮಾಡಿ, ಮೊದಲ ಹತ್ತು ನಿಮಿಷ ಯಾವುದು ಯಾರದು ಅಂತ ಹೇಳದೆ ಎಣಿಸಲು ಬಿಡು. ಹೆಸರು ಮೊದಲೇ ಹೇಳಿದರೆ ಮಕ್ಕಳು ನೋಡುವುದನ್ನು ನಿಲ್ಲಿಸಿ, ಮನೆಯಲ್ಲಿ ಕೇಳಿದ್ದನ್ನು ಒಪ್ಪಿಸಲು ಶುರುಮಾಡುತ್ತಾರೆ. ಎಷ್ಟು ಮಣಿ, ಯಾವುದರಿಂದ ಮಾಡಿದ್ದು, ಬೇರೆ ಥರದ ಮಣಿ ಎಲ್ಲಿದೆ, ಇಷ್ಟನ್ನು ಬರೆದುಕೊಳ್ಳಲಿ. ಜಪಮಾಲೆಯಲ್ಲಿ 108 ಮಣಿ, ಜೊತೆಗೊಂದು ಮೇರುಮಣಿ. ತಸ್ಬೀಯಲ್ಲಿ 33 ಅಥವಾ 99. ಜಪಸರದಲ್ಲಿ ‘ಐದು ಹತ್ತಲೆ ಐವತ್ತು’ ಅಂದುಕೊಂಡವರಿಗೆ 59 ಸಿಗುತ್ತದೆ. ಅದು ತಪ್ಪಲ್ಲ: ಹತ್ತು ಹತ್ತರ ಗುಂಪುಗಳ ನಡುವೆ ನಾಲ್ಕು ಬಿಡಿ ಮಣಿ, ಶಿಲುಬೆ ತೂಗುವ ಬಾಲದಲ್ಲಿ ಇನ್ನೈದು. ಯಾರಾದರೂ ಮಾಲೆಯನ್ನು ಕೊರಳಿಗೆ ಹಾಕಿಕೊಂಡರೆ ಗದರಬೇಡ, ‘ಇದು ಎಣಿಸೋಕೆ’ ಎಂದು ಕೈಗೆ ಕೊಡು.

ಎಣಿಕೆ ಮುಗಿದ ಮೇಲೆ ಬಳಕೆ. ಜಪಮಾಲೆ ಹಿಡಿದವರು ಮೇರುಮಣಿಯನ್ನು ದಾಟುವುದಿಲ್ಲ, ಅಲ್ಲಿಂದ ಹಿಂದಕ್ಕೆ ತಿರುಗುತ್ತಾರೆ. ತಸ್ಬೀಯಲ್ಲಿ ದೇವರ ಸ್ತುತಿಯ ಮೂರು ಮಾತುಗಳನ್ನು ಸಾಮಾನ್ಯವಾಗಿ 33 ಸಲದಂತೆ ಹೇಳುವುದರಿಂದ, 33 ಮಣಿಯದ್ದಾದರೆ ಮೂರು ಸುತ್ತು. ಜಪಸರದಲ್ಲಿ ಹತ್ತರ ಮಣಿಗಳಿಗೆ ಒಂದು ಪ್ರಾರ್ಥನೆ, ಬಿಡಿ ಮಣಿಗೆ ಇನ್ನೊಂದು. ಕೊನೆಯ ಹತ್ತು ನಿಮಿಷದಲ್ಲಿ ನೋಡಿದ್ದು ಒಂದು ಸಾಲು, ತಿಳಿದದ್ದು ಒಂದು ಸಾಲು, ಇನ್ನೂ ಕೇಳಬೇಕೆನಿಸಿದ್ದು ಒಂದು ಸಾಲು ಬರೆಸು. ಮೂರನೇ ಸಾಲುಗಳನ್ನು ಎತ್ತಿಟ್ಟುಕೋ, ಮುಂದಿನ ಪಾಠ ಅವುಗಳಿಂದಲೇ ಹುಟ್ಟುತ್ತದೆ.

ನಮಾಜು, ಪೂಜೆ, ಚರ್ಚಿನ ಪ್ರಾರ್ಥನೆ ಇವನ್ನು ಮಕ್ಕಳಿಂದ ಮಾಡಿಸಿ ತೋರಿಸಬೇಡ. ನಂಬುವವರಿಗೆ ಅದು ಅಭಿನಯವಲ್ಲ. ತರಗತಿಯಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ ಇದ್ದರೆ ‘ನಿಮ್ಮಲ್ಲಿ ಹೇಗಮ್ಮ, ಹೇಳು’ ಎಂದು ಎಬ್ಬಿಸಿ ನಿಲ್ಲಿಸಲೂಬೇಡ. ಒಂಬತ್ತು ವರ್ಷದ ಮಗುವಿಗೆ ಇಡೀ ಧರ್ಮದ ಪರವಾಗಿ ಉತ್ತರ ಕೊಡುವ ಹೊರೆ ಯಾಕೆ? ಅವಳಾಗಿಯೇ ಕೈ ಎತ್ತಿದರೆ ‘ನಿಮ್ಮ ಮನೇಲಿ ಹೇಗೆ ಮಾಡ್ತೀರಿ’ ಅಂತ ಕೇಳು. ಅದು ಅವಳಿಗೆ ಗೊತ್ತಿರುವ ವಿಷಯ.

‘ರಂಜಾನ್ ಅಂದ್ರೆ ಅವರ ದೀಪಾವಳಿ’ ಎಂಬ ಸುಲಭದ ದಾರಿ ಹಿಡಿಯಬೇಡ. ರಂಜಾನ್ ಉಪವಾಸದ ತಿಂಗಳು, ಅದು ಮುಗಿದ ಮರುದಿನದ ಹಬ್ಬ ಈದುಲ್ ಫಿತ್ರ್. ಈ ಹಬ್ಬ ವರ್ಷವರ್ಷವೂ ಯಾಕೆ ಹಿಂದಕ್ಕೆ ಸರಿಯುತ್ತದೆ ಎನ್ನುವುದನ್ನು ಗಣಿತದ ಅವಧಿಯಲ್ಲಿ ಹೇಳಿಕೊಡಬಹುದು. ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ಸೌರವರ್ಷಕ್ಕೆ 365. ಹನ್ನೊಂದು ದಿನ ಕಡಿಮೆ. ನಮ್ಮ ಯುಗಾದಿಯೂ ಚಂದ್ರನ ಲೆಕ್ಕದ್ದೇ, ಆದರೆ ಎರಡೂವರೆ ವರ್ಷ ದಾಟಿದ ಮೇಲೊಂದು ಅಧಿಕಮಾಸ ಸೇರಿಸಿ ಲೆಕ್ಕ ಸರಿಮಾಡುವುದರಿಂದ ಅದು ಮಾರ್ಚ್–ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ಇಸ್ಲಾಮಿನ ಪಂಚಾಂಗದಲ್ಲಿ ಅಧಿಕಮಾಸವಿಲ್ಲ, ಹಾಗಾಗಿ ರಂಜಾನ್ ಬೇಸಿಗೆ, ಮಳೆ, ಚಳಿ ಎಲ್ಲ ಕಾಲಕ್ಕೂ ಬರುತ್ತದೆ. ಮೊಹರಂ ಕೂಡ ಹಾಗೆಯೇ. ಹಳ್ಳಿಗಳಲ್ಲಿ ಅದನ್ನು ಬಾಬಯ್ಯನ ಹಬ್ಬ ಎಂದು ಹಿಂದೂಗಳೂ ಮಾಡುವುದುಂಟು. ‘ಇದು ಯಾರ ಹಬ್ಬ’ ಎಂಬ ಕೋಷ್ಟಕ ಬರೆಸಿದರೆ ಅದನ್ನು ಯಾವ ಮನೆಗೆ ತುಂಬುತ್ತಾರೆ? ಆ ಕೋಷ್ಟಕವೇ ಬೇಡ.

‘ಎಲ್ಲ ಧರ್ಮಗಳೂ ಹೇಳೋದು ಒಂದೇ’ ಎಂದು ಮುಗಿಸುವುದನ್ನೂ ನಾನು ಒಪ್ಪುವುದಿಲ್ಲ. ಜೈನರು, ಬೌದ್ಧರು ಸೃಷ್ಟಿಕರ್ತನಾದ ದೇವರನ್ನೇ ಒಪ್ಪದಿರುವಾಗ ‘ಎಲ್ಲರೂ ಒಬ್ಬನೇ ದೇವರನ್ನು ಪೂಜಿಸುತ್ತಾರೆ’ ಎನ್ನುವುದು ಸುಳ್ಳಾಗುತ್ತದೆ. ದೇವರೇ ಇಲ್ಲ ಎನ್ನುವವರಿಗೂ ನಿನ್ನ ಪಾಠದಲ್ಲಿ ಜಾಗ ಇರಲಿ. ಹಾಗೆಯೇ ನಿಮ್ಮ ಸೀಮೆಯ ಮ್ಯಾಸನಾಯಕ ಸಮುದಾಯದವರ ದೇವರ ಎತ್ತುಗಳು: ಅವನ್ನು ಉಳುಮೆಗೆ ಹೂಡುವುದಿಲ್ಲ, ಮೇಯಿಸಿ ಕಾಯಲು ಕಿಲಾರಿಗಳಿದ್ದಾರೆ. ಯಾವ ಧರ್ಮಗ್ರಂಥದ ಪಟ್ಟಿಯಲ್ಲೂ ಸಿಗದ ಇಂಥ ಆಚರಣೆಯನ್ನು ‘ಇತರೆ’ ಅಂತ ಕೊನೆಗೆ ತಳ್ಳಬೇಡ, ‘ಮೂಢನಂಬಿಕೆ’ ಎಂದೂ ಹಣೆಪಟ್ಟಿ ಹಚ್ಚಬೇಡ. ಆ ಮಾತು ಹೇಳುತ್ತಾ ಯಾವ ಮಗುವಿನ ಜಾತಿಯನ್ನೂ ಕೇಳಬೇಡ.

‘ದೇವರು ನಿಜವಾಗ್ಲೂ ಇದಾನಾ ಮಿಸ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಇದಾನೆ ಅನ್ನೋರೂ ಇದಾರೆ, ಇಲ್ಲ ಅನ್ನೋರೂ ಇದಾರೆ. ನಿಂಗೆ ಯಾಕೆ ಈ ಪ್ರಶ್ನೆ ಬಂತು?’ ಅಂತ ಕೇಳಿ, ಅವರ ಮಾತು ಪೂರ್ತಿ ಕೇಳಿಸಿಕೋ. ನಿನ್ನ ಅಭಿಪ್ರಾಯ ಹೇಳಿದರೆ ಸಂಜೆ ಅದು ‘ಮಿಸ್ ಹೇಳಿದ್ರು’ ಎಂದು ಮನೆಮನೆಗೆ ತಲುಪುತ್ತದೆ, ಪಾಲಕರು ಬೆಳಿಗ್ಗೆ ಬಾಗಿಲಲ್ಲಿರುತ್ತಾರೆ.

ಪ್ರವಾಸಕ್ಕೆ ಹರಿಹರ ಒಳ್ಳೆಯದು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯೂ, ಆರೋಗ್ಯ ಮಾತೆಯ ಚರ್ಚೂ ಒಂದೇ ಊರಿನಲ್ಲಿವೆ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಎದುರು ನಿಂತ ಮಕ್ಕಳು ತಮ್ಮ ಎಡಬಲ ನೋಡಿ ತಿರುವುಮುರುವು ಬರೆಯುತ್ತಾರೆ, ಮೊದಲೇ ಇಬ್ಬರನ್ನು ಎದುರುಬದುರು ನಿಲ್ಲಿಸಿ ತೋರಿಸು. ತೀರ್ಥಪ್ರಸಾದ ತೆಗೆದುಕೊಳ್ಳುವುದು, ಕೈಮುಗಿಯುವುದು ಮಕ್ಕಳ ಇಷ್ಟ ಎಂದು ಅರ್ಚಕರಿಗೂ ಚರ್ಚಿನವರಿಗೂ ಮುಂಚೆಯೇ ತಿಳಿಸು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪಾಠ ಯೋಜನೆಯನ್ನೇ ಓದಿ ಹೇಳು, ಆಮೇಲೆ ಪಾಲಕರಿಂದ ಒಪ್ಪಿಗೆಯ ಸಹಿ ಪಡೆ. ಕಳಿಸುವುದಿಲ್ಲ ಎಂದವರ ಜೊತೆ ವಾದಕ್ಕಿಳಿಯಬೇಡ. ಆ ಮಕ್ಕಳಿಗೆ ಅದೇ ಎರಡು ಕಟ್ಟಡಗಳ ಚಿತ್ರಗಳು, ಅದೇ ಮೂರು ಸಾಲಿನ ಬರವಣಿಗೆ ಶಾಲೆಯಲ್ಲೇ ಸಿಗುವಂತೆ ಸಹಶಿಕ್ಷಕರಿಗೆ ಹೇಳಿ ಹೊರಡು.

ಇಂತಿ,
ನಿನ್ನ ಅಪ್ಪ